ಕಡಲೊಳಗೆ ಕೈಕಟ್ಟಿಕೊಂಡು: ಮಲೆನಾಡಿನಿಂದ ಡೈವಿಂಗ್‌ಗೆ ಹೊರಟವರಿಗೆ

ಚಿಬ್ಬಲಗುಡ್ಡೆಯ ತುಂಗೆಯಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕದ ಮಕ್ಕಳು ತೀರ್ಥಹಳ್ಳಿ ಸೀಮೆಯಲ್ಲಿ ಕಡಿಮೆ. ನಾನೂ ಹಾಕಿದ್ದೇನೆ. ಅಪ್ಪಯ್ಯ ಹೊಳೆ ಬದಿಯಲ್ಲಿ ಕೂರಿಸಿ ಕೈಗೆ ಮಂಡಕ್ಕಿ ಪೊಟ್ಟಣ ಕೊಡುತ್ತಿದ್ದರು. ಮೀನುಗಳು ಬಾಯಿ ತೆರೆದುಕೊಂಡು ಒಂದರ ಮೇಲೊಂದು ಬೀಳುತ್ತಿದ್ದವು. ಬೆನ್ನು ಸವರಲು ಕೈ ಚಾಚಿದರೆ ಯಾರೂ ಬೈಯುತ್ತಿರಲಿಲ್ಲ. ಮೀನಿನ ಮೇಲೆ ಪ್ರೀತಿ ಅಂದ್ರೆ ತಿನ್ನಿಸುವುದು, ಮುಟ್ಟುವುದು ಅಂತ ಆಗಲೇ ನನ್ನ ಮನಸ್ಸಲ್ಲಿ ಕೂತುಬಿಟ್ಟಿತ್ತು.

ಅದೇ ಪ್ರೀತಿ ಇಟ್ಟುಕೊಂಡು ಮೊದಲ ಸಲ ನೇತ್ರಾಣಿ ದ್ವೀಪದ ಹತ್ತಿರ ಕಡಲಿಗೆ ಇಳಿದೆ. ಹತ್ತು ನಿಮಿಷ ಆಗಿರಲಿಲ್ಲ, ಒಂದು ಕಡಲಾಮೆ ಕಂಡಿತು. ಹತ್ತಿರ ಹೋಗುವ ಆಸೆಗೆ ಕಾಲು ಬಡಿದೆ. ಕಾಲಿಗೆ ತೊಟ್ಟ ಫಿನ್ಸ್ (ಈಜು ರೆಕ್ಕೆ) ತುದಿಗೆ ಏನೋ ತಾಗಿತು. ತಿರುಗಿ ನೋಡಿದರೆ ಹವಳದ ಒಂದು ಕವಲು ಮುರಿದು ಕೆಳಗೆ ಬಿದ್ದಿತ್ತು, ಬೆರಳುದ್ದದ್ದು. ಅಷ್ಟರಲ್ಲಿ ಆಮೆಯೂ ನೀಲಿಯೊಳಗೆ ಕರಗಿ ಹೋಗಿತ್ತು. ದೋಣಿಗೆ ಬಂದ ಮೇಲೆ ಇನ್‌ಸ್ಟ್ರಕ್ಟರ್ ಬೈಯಲಿಲ್ಲ. "ಆಸೆ ತಪ್ಪಲ್ಲ ಮೇಡಂ, ಕಾಲು ತಪ್ಪು" ಅಂದರು.

ಆ ಮಾತು ಇವತ್ತಿಗೂ ನೆನಪಿದೆ. ಪ್ರಾಣಿಗಳ ಮೇಲೆ ಎಷ್ಟು ಪ್ರೀತಿ ಇದ್ದರೂ, ನೀರಿನಲ್ಲಿ ನಮ್ಮ ಮೈ ನಮ್ಮ ಮಾತು ಕೇಳದಿದ್ದರೆ ಆ ಪ್ರೀತಿಯೇ ಅವಕ್ಕೆ ಪೆಟ್ಟು. ಅದಕ್ಕೇ ಈ ಬರಹದಲ್ಲಿ ಉಸಿರು, ಕಾಲು, ಕೈ ಇವುಗಳ ಮಾತೇ ಜಾಸ್ತಿ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಮೊದಲ ಸಲ ಡೈವಿಂಗ್‌ಗೆ ಹೊರಟವರನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು, ಹೋಗುವ ಜಾಗದ ಬಗ್ಗೆ

ನಮಗೆ ಹತ್ತಿರದ ಜಾಗ ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲೊಳಗೆ ಇದೆ. ಶಿವಮೊಗ್ಗದವರು ಸಾಗರ, ಜೋಗ, ಹೊನ್ನಾವರದ ಮೇಲೆ ಹೋಗಬಹುದು. ನಾವು ನಗರ, ಕೊಲ್ಲೂರು, ಬೈಂದೂರಿನ ದಾರಿ ಹಿಡಿಯುತ್ತೇವೆ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಮಳೆ ಮುಗಿದು ಕಡಲು ಶಾಂತವಾದ ಮೇಲೆ ಶುರುವಾಗಿ, ಬೇಸಿಗೆ ಕೊನೆಯವರೆಗೆ ನಡೆಯುತ್ತದೆ.

ಮೀನುಗಾರರು ಹರಕೆ ಹೊತ್ತು ಆಡುಗಳನ್ನು ಬಿಟ್ಟುಬರುವ ದ್ವೀಪ ಅದು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತಲಿನ ನೀರಿನಲ್ಲಿ ಹವಳ, ಗಿಳಿ ಮೀನು, ಚಿಟ್ಟೆ ಮೀನು, ಮುರು ಮೀನು, ಹಾವಿನಂತಿರುವ ಮೋರೆ ಈಲ್ ಮೀನು, ಆಮೆಗಳಿವೆ. ಕೆಲವೊಮ್ಮೆ ತಿಮಿಂಗಿಲ ಶಾರ್ಕ್ ಕೂಡ ಕಂಡದ್ದಿದೆ. ನಮ್ಮ ಸೊರಬ, ಸಾಗರದ ಕಡೆಯ ದೇವರ ಕಾನು ಇದೆಯಲ್ಲ, ಹಾಗೆ ಅಂದುಕೊಳ್ಳಿ. ಕಾನಿನೊಳಗೆ ಹೋಗುವಾಗ ಹಿರಿಯರು ಒಂದು ಕಡ್ಡಿಯನ್ನೂ ಮುರಿಯುತ್ತಿರಲಿಲ್ಲ.

ಹೆಜ್ಜೆ 1: ಘಾಟಿ ಇಳಿಯುವ ಮೊದಲೇ ಫೋನಿನಲ್ಲಿ ಕೇಳಿ

ಎಲ್ಲರೂ ಮೊದಲು ರೇಟ್ ಕೇಳುತ್ತಾರೆ. ಅದರ ಜೊತೆ ಇನ್ನು ಕೆಲವು ಪ್ರಶ್ನೆ ಕೇಳಿ. ನೀರಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಎಷ್ಟು ಜನ ಇರುತ್ತಾರೆ? ಮೊದಲ ಸಲದವರಾದರೆ ಒಬ್ಬರಿಗೆ ಒಬ್ಬರು ಇರುವುದೇ ಒಳ್ಳೆಯದು. ದೋಣಿಯ ಲಂಗರನ್ನು ಎಲ್ಲಿ ಹಾಕುತ್ತೀರಿ? ಮೊದಲೇ ಕಟ್ಟಿಟ್ಟ ಬೋಯಿಗೆ (ತೇಲುಬುರುಡೆಗೆ) ದೋಣಿ ಕಟ್ಟುತ್ತೇವೆ, ಇಲ್ಲವೇ ಮರಳಿನ ಮೇಲೆ ಹಾಕುತ್ತೇವೆ ಅಂದರೆ ಸರಿ. ಹವಳದ ಮೇಲೆ ಬಿದ್ದ ಲಂಗರು ಎಳೆದಾಡಿದರೆ ನೂರು ಮಂದಿಯ ಕಾಲಿಗಿಂತ ಜಾಸ್ತಿ ಹಾಳು ಮಾಡುತ್ತದೆ. ಮೀನಿಗೆ ಏನಾದರೂ ತಿನ್ನಿಸುತ್ತೀರಾ? "ಹೌದು, ಫೋಟೋ ಚೆನ್ನಾಗಿ ಬರುತ್ತೆ" ಅಂದರೆ ಬೇರೆ ಕಡೆ ಹುಡುಕಿ. ಒಮ್ಮೆ ನಾನು ಹೋದ ದೋಣಿಯಲ್ಲಿ ಬಿಸ್ಕೆಟ್ ಪ್ಯಾಕೆಟ್ ಇತ್ತು. ಮೊದಲೇ ಕೇಳಿದ್ದರೆ ಆ ದೋಣಿ ಹತ್ತುತ್ತಲೇ ಇರಲಿಲ್ಲ.

ಇಂಥ ಪ್ರಶ್ನೆ ಕೇಳುವ ಗಿರಾಕಿಗಳು ಹೆಚ್ಚಾದರೆ ನಡೆಸುವವರೂ ಬದಲಾಗುತ್ತಾರೆ. ಸಂಕೋಚ ಬೇಡ.

ಹೆಜ್ಜೆ 2: ಕಾಲನ್ನು ಊರಲ್ಲೇ ಪಳಗಿಸಿ

ಹೊಳೆಯಲ್ಲಿ ಈಜು ಕಲಿತವರಿಗೆ ನೀರಿನ ಭಯ ಇರುವುದಿಲ್ಲ. ಅದು ದೊಡ್ಡ ಅನುಕೂಲ. ಆದರೆ ಹೊಳೆಯ ಈಜಿನಲ್ಲಿ ಕೈ ಬೀಸುತ್ತೇವೆ, ಕಾಲು ಬಡಿಯುತ್ತೇವೆ. ಸೆಳವಿನಲ್ಲಿ ಅದು ಬೇಕೇ ಬೇಕು. ಡೈವಿಂಗ್‌ನಲ್ಲಿ ಈ ಅಭ್ಯಾಸವೇ ತೊಂದರೆ. ಬೀಸಿದ ಕೈ ಹವಳಕ್ಕೆ ತಾಗುತ್ತದೆ. ಬಡಿದ ಫಿನ್ಸ್ ತಳದ ಮರಳನ್ನು ಎಬ್ಬಿಸುತ್ತದೆ. ಆ ಮರಳು ಹೋಗಿ ಹವಳದ ಮೇಲೆ ಕೂರುತ್ತದೆ. ಅದನ್ನು ತೆಗೆದುಹಾಕಲು ಹವಳ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಬೇಕು.

ಈಜುಕೊಳ ಇದ್ದರೆ ಅಲ್ಲಿ, ಇಲ್ಲವೇ ಪರಿಚಯದ ಶಾಂತ ನೀರಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಎರಡು ಅಭ್ಯಾಸ ಮಾಡಿ. ಒಂದು, ಕೈಗಳನ್ನು ಎದೆಯ ಮುಂದೆ ಕಟ್ಟಿಕೊಂಡು ಬರೀ ಕಾಲಿನಲ್ಲಿ ಮುಂದೆ ಹೋಗುವುದು. ಇನ್ನೊಂದು, ಕಪ್ಪೆಯ ಹಾಗೆ ಮಂಡಿ ಮಡಚಿ, ಪಾದ ಅಗಲಿಸಿ, ಹಿಂದಕ್ಕೆ ಒದ್ದು, ಒಂದು ಕ್ಷಣ ಸುಮ್ನೆ ಜಾರುವುದು. ನಮ್ಮಲ್ಲಿ ಅನೇಕರಿಗೆ ಕಪ್ಪೆ ಈಜು ಚಿಕ್ಕಂದಿನಿಂದಲೇ ಗೊತ್ತು. ಡೈವರ್‌ಗಳು ತಳದ ಹತ್ತಿರ ಇದನ್ನೇ ಬಳಸುತ್ತಾರೆ, ಯಾಕೆಂದರೆ ಇದರಲ್ಲಿ ನೀರು ಹಿಂದಕ್ಕೆ ಹೋಗುತ್ತದೆ, ಕೆಳಕ್ಕೆ ಬಡಿಯುವುದಿಲ್ಲ. ಉಸಿರು ಕಟ್ಟಿ ಮುಳುಗುವ ಪಂದ್ಯ ಮಾತ್ರ ಬೇಡ. ಅದು ಅಪಾಯ. ಡೈವಿಂಗ್‌ಗೆ ಅದರಿಂದ ಉಪಯೋಗವೂ ಇಲ್ಲ.

ಈಜು ಬರದವರೂ ಇನ್‌ಸ್ಟ್ರಕ್ಟರ್ ಜೊತೆಗೆ ಮೊದಲ ಅನುಭವದ ಡೈವ್ ಮಾಡಬಹುದು. ಇದರಲ್ಲಿ 12 ಮೀಟರಿಗಿಂತ ಆಳಕ್ಕೆ ಹೋಗುವುದಿಲ್ಲ. ಅವರು ಸಿಲಿಂಡರ್ ಹಿಡಿದು ನಿಮ್ಮನ್ನು ಕರೆದೊಯ್ಯುತ್ತಾರೆ. ಆಗ ನಿಮ್ಮ ಕೆಲಸ ಎರಡೇ: ನಿಧಾನವಾಗಿ ಉಸಿರಾಡುವುದು, ಕೈ ಕಟ್ಟಿಕೊಂಡಿರುವುದು.

ಹೆಜ್ಜೆ 3: ಮೈಗೆ ಏನು, ಜೊತೆಗೆ ಏನು

ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್‌ನಂಥ ರಾಸಾಯನಿಕಗಳು ಹವಳದ ಮರಿಗಳಿಗೆ ಕೆಟ್ಟದ್ದು. ಹವಾಯಿ ಮತ್ತು ಪಲಾವುನಲ್ಲಿ ಇವಿರುವ ಸನ್‌ಸ್ಕ್ರೀನ್ ಮಾರುವುದಕ್ಕೇ ತಡೆ ಇದೆ. ಸುಲಭದ ದಾರಿ, ಪೂರ್ತಿ ತೋಳಿನ ಈಜು ಅಂಗಿ ಹಾಕಿಕೊಳ್ಳಿ. ಹಚ್ಚುವ ಜಾಗವೇ ಕಡಿಮೆಯಾಗುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಇಳಿಯಬೇಡಿ.

ಕೈಗವಸು ಬೇಡ. ಕೈಗವಸು ಇದ್ದರೆ ಹಿಡಿಯುವ ಧೈರ್ಯ ಬರುತ್ತದೆ. ಬರಿಗೈಯಾದರೆ ನಾವೇ ಜಾಗ್ರತೆಯಾಗಿರುತ್ತೇವೆ.

ಕ್ಯಾಮೆರಾ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೊದಲ ಐದಾರು ಡೈವ್‌ಗಳಲ್ಲಿ ಗೋಪ್ರೊ ಕೈಯಲ್ಲಿ ಇರಲೇಬಾರದು. ಕಣ್ಣು ಪರದೆಯ ಮೇಲೆ ಇದ್ದಾಗ ಕಾಲು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಬೇಕಾದರೆ ಇನ್‌ಸ್ಟ್ರಕ್ಟರ್ ನಾಲ್ಕು ಫೋಟೋ ತೆಗೆದುಕೊಡುತ್ತಾರೆ, ಸಾಕು.

ಹೆಜ್ಜೆ 4: ಉಸಿರಿನಲ್ಲಿ ತೇಲುವುದನ್ನು ಕಲಿಯಿರಿ

ಎಲ್ಲದಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇಲ್ಲಿ ಅವಸರ ಮಾಡಬೇಡಿ.

ನೀರಿನೊಳಗೆ ಪುಪ್ಪುಸವೇ ಒಂದು ಬಲೂನು. ಉಸಿರು ಒಳಗೆ ಎಳೆದರೆ ಮೈ ನಿಧಾನವಾಗಿ ಮೇಲೇಳುತ್ತದೆ. ಬಿಟ್ಟರೆ ಇಳಿಯುತ್ತದೆ. ಮೈ ಸ್ಪಂದಿಸಲು ಒಂದೆರಡು ಸೆಕೆಂಡ್ ಬೇಕು. ಹೊಸಬರು ಇದಕ್ಕೆ ಕಾಯದೆ ಕೈ ಬೀಸುತ್ತಾರೆ, ತೇಲಲು, ಮುಳುಗಲು ಗಾಳಿ ತುಂಬಿ ಬಿಡುವ ಬಿಸಿಡಿ ಜಾಕೆಟ್ಟಿಗೆ ಗಾಳಿ ತುಂಬುತ್ತಾರೆ, ಮೇಲೆ ಹಾರುತ್ತಾರೆ, ಮತ್ತೆ ಗಾಳಿ ಬಿಟ್ಟು ದಪ್ಪೆಂದು ಹವಳದ ಮೇಲೆ ಬೀಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಉಸಿರನ್ನು ಕಟ್ಟಿ ಹಿಡಿಯಬಾರದು ಅನ್ನುವುದು ಇಲ್ಲಿ ಪ್ರಾಣದ ಪ್ರಶ್ನೆ. ಮೇಲೆ ಬರುವಾಗ ಪುಪ್ಪುಸದ ಗಾಳಿ ಹಿಗ್ಗುತ್ತದೆ, ಉಸಿರು ಕಟ್ಟಿದ್ದರೆ ಪುಪ್ಪುಸಕ್ಕೇ ಪೆಟ್ಟಾಗುತ್ತದೆ. ಹಾಗಾಗಿ ಉಸಿರು ನಿಲ್ಲದೆ ನಡೆಯುತ್ತಿರಬೇಕು. ಬೇಕಾದಾಗ ಸ್ವಲ್ಪ ದೊಡ್ಡದು, ಬೇಕಾದಾಗ ಸ್ವಲ್ಪ ಸಣ್ಣದು, ಅಷ್ಟೇ.

ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕ ಸರಿ ಇದೆಯಾ ಅಂತ ಮೇಲೆಯೇ ನೋಡಿಕೊಳ್ಳಿ. ಇನ್‌ಸ್ಟ್ರಕ್ಟರ್ ಎದುರಿಗೆ, ಬಿಸಿಡಿಯ ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಉಸಿರು ತುಂಬಿಕೊಂಡು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಇರಬೇಕು. ಉಸಿರು ಬಿಟ್ಟಾಗ ಮುಳುಗಲು ಶುರುವಾಗಬೇಕು. ಅದಕ್ಕಿಂತ ಬೇಗ ಮುಳುಗಿದರೆ ಸೊಂಟದ ಸೀಸ ಜಾಸ್ತಿ ಆಗಿದೆ. ಸೀಸ ಜಾಸ್ತಿಯಾದರೆ ಕಾಲು ಜೋತುಬಿದ್ದು ತಳ ಗುಡಿಸುತ್ತದೆ. ಕೋರ್ಸ್ ಮಾಡುತ್ತಿರುವವರು ಸಂಕೋಚ ಬಿಟ್ಟು "ಒಂದು ಸೀಸ ತೆಗೆದು ನೋಡೋಣವಾ ಸರ್?" ಅಂತ ಕೇಳಿ.

ಇಳಿಯುವ ಮುಂಚೆ ಮೈಮೇಲಿನ ಪೈಪುಗಳನ್ನೆಲ್ಲ ಒಮ್ಮೆ ಮುಟ್ಟಿ ನೋಡಿ. ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜ್ ಮತ್ತು ಬಾಯಿಗಿಟ್ಟು ಉಸಿರಾಡುವ ಹೆಚ್ಚುವರಿ ರೆಗ್ಯುಲೇಟರ್ ಎದೆಯ ಹತ್ತಿರ ಕ್ಲಿಪ್ ಆಗಿರಬೇಕು. ಅವು ನೇತಾಡುತ್ತಿದ್ದರೆ ನಮಗೆ ಗೊತ್ತಿಲ್ಲದೇ ಹವಳದ ಸಂದಿಗೆಲ್ಲ ಹೊಡೆಯುತ್ತಾ ಹೋಗುತ್ತವೆ.

ಮೊದಲು ಮರಳಿನ ಮೇಲೆ, ಹವಳ ಇಲ್ಲದ ಕಡೆ, ಐದು ನಿಮಿಷ ಸುಮ್ನೆ ಒಂದೇ ಎತ್ತರದಲ್ಲಿ ತೇಲಿ. ಅದು ಬಂದ ಮೇಲೇ ಹವಳದ ಕಡೆ ತಿರುಗಿ.

ಹೆಜ್ಜೆ 5: ಹವಳಕ್ಕೆ ಜೀವ ಇದೆ

ನೋಡಲು ಕಲ್ಲು, ಕೆಲವು ಗಿಡದ ಹಾಗೆ. ಆದರೆ ಹವಳ ಪ್ರಾಣಿ. ಸಾವಿರಾರು ಸಣ್ಣ ಜೀವಗಳು ಒಟ್ಟಿಗೆ ಸುಣ್ಣದ ಮನೆ ಕಟ್ಟಿಕೊಂಡು ಬದುಕುತ್ತವೆ. ಮೇಲೆ ತೆಳ್ಳಗೆ ಒಂದು ಲೋಳೆಯ ಪದರ ಇರುತ್ತದೆ. ಅದು ಅದರ ಚರ್ಮ ಇದ್ದಂತೆ. ಮುಟ್ಟಿದರೆ ಆ ಪದರ ಹೋಗಿ ರೋಗಕ್ಕೆ ದಾರಿಯಾಗುತ್ತದೆ. ಮಳೆ ಶುರುವಿನಲ್ಲಿ ಹತ್ತುಮೀನು ಹಿಡಿದವರಿಗೆ ಮೀನಿನ ಮೈಯ ಲೋಳೆ ಗೊತ್ತಲ್ಲ? ಕಡಲ ಮೀನಿಗೂ ಅದೇ ರಕ್ಷಣೆ. ಅದಕ್ಕೇ ಮೀನನ್ನೂ ಸವರಬಾರದು.

ಬಂಡೆಯ ಹಾಗೆ ಗುಂಡಗಿರುವ ಹವಳಗಳು ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಅಡಿಕೆ ಸಸಿ ನೆಟ್ಟರೆ ಆರೇಳು ವರ್ಷಕ್ಕೆ ಗೊನೆ ಕಾಣುತ್ತೇವೆ. ಅಷ್ಟು ಹೊತ್ತಿಗೆ ಈ ಹವಳ ಅಂಗೈ ಅಗಲವೂ ಹೆಚ್ಚಿರುವುದಿಲ್ಲ. ಕವಲು ಹವಳ ಬೇಗ ಬೆಳೆಯುತ್ತದೆ, ಆದರೆ ಮುರಿಯುವುದೂ ಬೇಗ.

ಹವಳದಿಂದ ಕನಿಷ್ಠ ಒಂದೂವರೆ, ಎರಡು ಮೀಟರ್ ಮೇಲೆ ಇರಿ. ನೀರಿನಲ್ಲಿ ಮಾಸ್ಕ್ ಮೂಲಕ ಎಲ್ಲವೂ ಹತ್ತಿರ ಕಾಣುತ್ತದೆ. ನಾಲ್ಕು ಮೀಟರ್ ದೂರದ್ದು ಮೂರರಲ್ಲಿ ಇದ್ದಂತೆ ಅನಿಸುತ್ತದೆ. ಎದುರಿಗಿರುವುದಕ್ಕೆ ಈ ಲೆಕ್ಕ ಹಿಡಿಯಬಹುದು. ಹಿಂದಿರುವ ಫಿನ್ಸ್ ಮಾತ್ರ ಕಣ್ಣಿಗೇ ಬೀಳುವುದಿಲ್ಲ. ಅವು ನಮ್ಮ ಕಾಲನ್ನು ಒಂದೂವರೆ, ಎರಡು ಅಡಿ ಉದ್ದ ಮಾಡಿವೆ ಅನ್ನುವುದನ್ನು ಮೈಗೆ ನೆನಪಿಸುತ್ತಲೇ ಇರಬೇಕು. ಸೆಳೆತ ಬಂದು ಹಿಡಿದುಕೊಳ್ಳಲೇಬೇಕಾದರೆ, ಏನೂ ಬೆಳೆಯದ ಬೋಳು ಬಂಡೆ ನೋಡಿ ಒಂದು ಬೆರಳು ಮಾತ್ರ ಊರಿ. ಅದೂ ಸರಿಯಾಗಿ ನೋಡಿಯೇ. ಸ್ಟೋನ್‌ಫಿಶ್ ಅಂತ ಒಂದಿದೆ, ಥೇಟ್ ಕಲ್ಲು. ಬೆನ್ನ ಮುಳ್ಳಿನಲ್ಲಿ ಭಾರೀ ವಿಷ. ಅದು ತನ್ನ ಪಾಡಿಗೆ ಕೂತಿರುತ್ತದೆ, ಕೈ ಇಟ್ಟವರು ನಾವು.

ಹೆಜ್ಜೆ 6: ಪ್ರಾಣಿ ಎದುರಾದಾಗ

ನಿಲ್ಲಿ. ಇದೊಂದೇ ಮಾತು ನೆನಪಿದ್ದರೂ ಅರ್ಧ ಕೆಲಸ ಆಯಿತು. ನೀವು ನಿಂತರೆ ಪ್ರಾಣಿ ತನ್ನ ಕೆಲಸ ಮುಂದುವರಿಸುತ್ತದೆ. ಕೆಲವೊಮ್ಮೆ ಅದೇ ಹತ್ತಿರ ಬಂದು ನೋಡಿ ಹೋಗುತ್ತದೆ. ಬೆನ್ನು ಹತ್ತಿದರೆ ನಿಮಗೆ ಕಾಣುವುದು ಬಾಲ ಮಾತ್ರ.

ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಗೂಡು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಬಾ ಹತ್ತಿರವಾದರೆ ಹಕ್ಕಿ ಮೊದಲು ಕತ್ತು ಉದ್ದ ಮಾಡುತ್ತದೆ, ಆಮೇಲೆ ಹಾರುತ್ತದೆ. ಕತ್ತು ಎತ್ತಿದಾಗಲೇ ನಾವು ಹಿಂದೆ ಸರಿಯಬೇಕು. ನೀರಿನೊಳಗೂ ಇಂಥ ಸೂಚನೆಗಳಿವೆ. ಮೇಯುತ್ತಿದ್ದ ಆಮೆ ತಲೆ ಎತ್ತಿ ನಿಮ್ಮನ್ನು ನೋಡಿದರೆ, ಹತ್ತಿರ ಹೋದದ್ದು ಜಾಸ್ತಿಯಾಯಿತು ಅಂತ ತಿಳಿಯಿರಿ. ಆಕ್ಟೋಪಸ್ ಥಟ್ಟನೆ ಬಣ್ಣ ಬದಲಿಸಿದರೂ ಹಾಗೇ. ಪಫರ್ ಮೀನು ಚೆಂಡಿನ ಹಾಗೆ ಊದಿಕೊಳ್ಳುವುದನ್ನು ನೋಡಿ ಜನ ಖುಷಿಪಡುತ್ತಾರೆ. ಜೀವಭಯವಾದಾಗ ಅದು ಮಾಡುವ ಕೊನೆಯ ಉಪಾಯ ಅದು. ಮೋರೆ ಈಲ್ ಬಾಯಿ ತೆರೆದು ಮುಚ್ಚಿ ಮಾಡಿದರೆ ಮಾತ್ರ ಹೆದರಬೇಡಿ, ಉಸಿರಾಡುವುದೇ ಹಾಗೆ. ಅದರ ಬಿಲದೊಳಗೆ ಕೈ ಹಾಕದಿದ್ದರೆ ಆಯಿತು.

ಆಮೆಯ ಬಗ್ಗೆ ಇನ್ನೊಂದು ಮಾತು. ಅದು ನಮ್ಮ ಹಾಗೇ ಗಾಳಿ ಉಸಿರಾಡುವ ಪ್ರಾಣಿ. ಉಸಿರಿಗೆ ಮೇಲೆ ಹೋಗಲೇಬೇಕು. ಅದರ ಮೇಲ್ಗಡೆ ತೇಲುತ್ತಾ ನಿಂತರೆ ದಾರಿ ಕಟ್ಟಿದಂತೆ. ಪಕ್ಕದಿಂದ, ಸ್ವಲ್ಪ ದೂರದಿಂದ ನೋಡಿ. ಎಷ್ಟೇ ಜನ ಇದ್ದರೂ ಸುತ್ತುವರಿಯಬೇಡಿ. ಒಂದು ಕಡೆ ಪೂರ್ತಿ ಖಾಲಿ ಬಿಡಿ. ಕೊಟ್ಟಿಗೆಗೆ ಹಸು ಅಟ್ಟುವಾಗ ನಾವು ಮೂರೂ ಕಡೆ ನಿಲ್ಲುತ್ತೇವೆ, ಅಲ್ವಾ? ಇಲ್ಲಿ ಅದರ ತದ್ವಿರುದ್ಧ.

ತಿಮಿಂಗಿಲ ಶಾರ್ಕ್ ಕಂಡರೆ ಅದು ಭಾಗ್ಯ. ಮೀನುಗಳಲ್ಲೇ ಅತಿ ದೊಡ್ಡದು, ತಿನ್ನುವುದು ಮಾತ್ರ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು, ಸಣ್ಣ ಮೀನುಗಳನ್ನು. ಮೈಯಿಂದ ಮೂರು ಮೀಟರ್, ಬಾಲದಿಂದ ನಾಲ್ಕು ಮೀಟರ್ ದೂರ ಇರಿ. ಮುಂದೆ ಹೋಗಿ ಅಡ್ಡ ನಿಲ್ಲಬೇಡಿ. ಫ್ಲಾಶ್ ಬೇಡವೇ ಬೇಡ.

ಕೆಲವು ಮೀನುಗಳು ಮೊಟ್ಟೆ ಕಾಯುವಾಗ ಮೈಮೇಲೆ ಬರುತ್ತವೆ. ದೊಡ್ಡ ಟ್ರಿಗರ್ ಮೀನು ಹಾಗೆ. ಅದರ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ ಜಾಗವೆಲ್ಲ ತನ್ನದು ಅಂತ ಅದು ಕಾಯುತ್ತದೆ. ಅದಕ್ಕೇ ಹೆದರಿ ಮೇಲಕ್ಕೆ ಹೋದರೆ ಇನ್ನೂ ಅದರ ಜಾಗದಲ್ಲೇ ಇರುತ್ತೀರಿ. ಅಡ್ಡಕ್ಕೆ, ಪಕ್ಕಕ್ಕೆ ಸರಿಯಿರಿ. ಮರಿ ಇರುವ ಮನೆಗೆ ನುಗ್ಗಿದ್ದು ನಾವು, ಕೋಪಿಸಿಕೊಳ್ಳುವ ಹಕ್ಕು ಅದಕ್ಕಿದೆ.

ಒಂದು ಕಡೆ ದೊಡ್ಡ ಮೀನು ಅಲುಗದೆ ಬಾಯಿ ತೆರೆದು ನಿಂತಿದ್ದರೆ, ಸುತ್ತ ಬೆರಳುದ್ದದ ಮೀನುಗಳು ಓಡಾಡುತ್ತಿದ್ದರೆ, ಅದು ಅವುಗಳ ಆಸ್ಪತ್ರೆ. ಸಣ್ಣ ಮೀನುಗಳು ದೊಡ್ಡದರ ಬಾಯಿ, ಕಿವಿರಿನಿಂದ ಹುಳ ಹೆಕ್ಕುತ್ತಿರುತ್ತವೆ. ನಡುವೆ ಹೋದರೆ ರೋಗಿ ಎದ್ದು ಹೋಗಿಬಿಡುತ್ತಾನೆ. ದೂರದಲ್ಲಿ ನಿಂತು ಹತ್ತು ನಿಮಿಷ ನೋಡಿ. ನನಗೆ ಇಡೀ ನೇತ್ರಾಣಿಯಲ್ಲಿ ಅತಿ ಇಷ್ಟವಾದ ನೋಟ ಅದೇ.

ಸಿಲಿಂಡರಿಗೆ ಕಬ್ಬಿಣ ಬಡಿದು ಎಲ್ಲರನ್ನೂ ಕರೆಯುವುದು ಬೇಡ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ. ಬೆರಳು ತೋರಿಸಿ, ಸಾಕು. ಹಾಂ, ಖುಷಿಗೆ ಹೆಬ್ಬೆರಳು ಎತ್ತಿ ತೋರಿಸಬೇಡಿ. ನೀರೊಳಗೆ ಅದರ ಅರ್ಥ "ಮೇಲೆ ಹೋಗೋಣ" ಅಂತ.

ಹೆಜ್ಜೆ 7: ತಿನ್ನಿಸಬೇಡಿ

ಮಂಡಕ್ಕಿಯ ನೆನಪಿರುವ ನಮಗೆ ಇದು ಕಷ್ಟ. ಆದರೆ ಗಿಳಿ ಮೀನು ದಿನವಿಡೀ ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಪಾಚಿ ಹೋದರೆ ಹವಳಕ್ಕೆ ಬೆಳಕು, ಜಾಗ. ಬಿಸ್ಕೆಟ್ ತಿಂದು ಹೊಟ್ಟೆ ತುಂಬಿದ ಮೀನು ಪಾಚಿಯ ಕಡೆ ಯಾಕೆ ಹೋಗುತ್ತದೆ? ಮತ್ತೆ, ದಿನಾ ತಿನ್ನಿಸಿಕೊಂಡ ಮೀನು ಬರೀ ಕೈ ಕಂಡರೂ ಬಂದು ಕಚ್ಚುತ್ತದೆ. ಜೋರಿನ ಜಾತಿಗಳು ಮುಂದೆ ಬಂದು, ಮೆತ್ತಗಿನವು ಆ ಜಾಗವನ್ನೇ ಬಿಡುತ್ತವೆ. ದೋಣಿಯಲ್ಲಿ ಯಾರಾದರೂ ಪ್ಯಾಕೆಟ್ ತೆಗೆದರೆ ಮೆಲ್ಲಗೆ ಹೇಳಿ: "ಬೇಡ ಅಣ್ಣ, ಹಾಗೇ ನೋಡೋಣ." ನಾನು ಹೇಳಿದಾಗ ಹೆಚ್ಚಿನವರು ಒಪ್ಪಿದ್ದಾರೆ.

ಹೆಜ್ಜೆ 8: ಬರಿಗೈಯಲ್ಲಿ ಮೇಲೆ ಬನ್ನಿ

ಹವಳದ ತುಂಡು, ಕಡಲ ಕುದುರೆ, ಕಡಲ ಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಆಮೆ, ತಿಮಿಂಗಿಲ ಶಾರ್ಕ್ ಕೂಡ. ಹವಳವನ್ನು ಹೆಕ್ಕಿ ತರುವುದು, ಕೊಳ್ಳುವುದು ಎರಡೂ ಅಪರಾಧ. ಖಾಲಿ ಶಂಖವನ್ನೂ ಬಿಟ್ಟುಬನ್ನಿ. ಸನ್ಯಾಸಿ ಏಡಿಗೆ ಅದು ಮನೆಯಾಗುತ್ತದೆ. ತರಬಹುದಾದದ್ದು ಒಂದೇ, ಕಸ. ಪ್ಲಾಸ್ಟಿಕ್ ಕವರ್ ಕಂಡರೆ ಇನ್‌ಸ್ಟ್ರಕ್ಟರಿಗೆ ತೋರಿಸಿ ತನ್ನಿ. ಹವಳಕ್ಕೆ ಸುತ್ತಿಕೊಂಡ ಬಲೆಯನ್ನು ಮಾತ್ರ ನೀವೇ ಎಳೆಯಬೇಡಿ. ಹವಳ ಕಿತ್ತುಬರಬಹುದು, ನೀವೂ ಸಿಕ್ಕಿಕೊಳ್ಳಬಹುದು.

ಆ ಕವರ್ ಎಲ್ಲಿಂದ ಬಂತು ಅಂತ ಒಮ್ಮೆ ಯೋಚಿಸಿ. ಶರಾವತಿ ಹುಟ್ಟುವುದು ನಮ್ಮ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ, ಕಡಲು ಸೇರುವುದು ಹೊನ್ನಾವರದಲ್ಲಿ. ಆಗುಂಬೆ ಕಡೆಯ ಸೀತಾ ನದಿಯೂ ಪಡುಗಡಲಿಗೇ ಹೋಗುತ್ತದೆ. ಜೋಗದ ಕೆಳಗಿನ ದಾರಿಯಲ್ಲೋ ಘಾಟಿಯ ತಿರುವಿನಲ್ಲೋ ಕಾರಿನ ಕಿಟಕಿಯಿಂದ ಎಸೆದ ಚಿಪ್ಸ್ ಪ್ಯಾಕೆಟ್ ಒಂದು ಮಳೆಗಾಲ ಕಳೆಯುವುದರೊಳಗೆ ಆ ನೀರಿಗೆ ಬರಬಹುದು. ತೇಲುವ ಪ್ಲಾಸ್ಟಿಕ್ಕನ್ನು ಆಮೆ ಜೆಲ್ಲಿ ಮೀನು ಅಂತ ನುಂಗುತ್ತದೆ.

ಘಾಟಿ ಹತ್ತುವ ಮುಂಚೆ

ಡೈವ್ ಮುಗಿದ ದಿನವೇ ಊರಿಗೆ ಹೊರಡಬೇಡಿ. ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ವಿಮಾನ ಹತ್ತುವವರಿಗೆ ಒಂದು ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಲು ಹೇಳುತ್ತಾರೆ. ಘಾಟಿ ಹತ್ತುವುದೂ ಎತ್ತರಕ್ಕೆ ಹೋಗುವುದೇ. ತೀರ್ಥಹಳ್ಳಿ, ಸಾಗರ ಎರಡೂ ಸುಮಾರು 600 ಮೀಟರ್ ಎತ್ತರದಲ್ಲಿವೆ. ನಿಮ್ಮ ಡೈವ್ ಎಷ್ಟು ಆಳ, ಎಷ್ಟು ಹೊತ್ತು ಅಂತ ನೋಡಿ ಎಷ್ಟು ಕಾಯಬೇಕು ಅಂತ ಇನ್‌ಸ್ಟ್ರಕ್ಟರ್ ಹೇಳುತ್ತಾರೆ, ಕೇಳಿ. ನಾವಂತೂ ಒಂದು ರಾತ್ರಿ ಕೆಳಗೇ ಉಳಿಯುತ್ತೇವೆ.

ಆ ಸಂಜೆ ಹೊನ್ನಾವರದ ಹತ್ತಿರದ ಕಾಸರಕೋಡು ಟೊಂಕದ ಕಡೆ ಹೋದರೆ ಅದು ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುವ ಮರಳು ಅಂತ ನೆನಪಿರಲಿ. ಚಳಿಗಾಲ, ಬೇಸಿಗೆ ಶುರುವಿನಲ್ಲಿ ಕತ್ತಲಾದ ಮೇಲೆ ದಡದಲ್ಲಿ ಟಾರ್ಚ್, ಮೊಬೈಲ್ ಲೈಟ್ ಬೇಡ. ಬೆಳಕು ಕಂಡರೆ ತಾಯಿ ಆಮೆ ಹತ್ತದೆ ಹಿಂದೆ ಹೋಗಬಹುದು, ಮರಿಗಳು ದಾರಿ ತಪ್ಪಬಹುದು. ಬೆಳಿಗ್ಗೆ ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರದಂಥ ಸಾಲು ಗುರುತು ಕಂಡರೆ ಅದನ್ನು ತುಳಿಯದೆ, ಮೊಟ್ಟೆ ಅಗೆದು ನೋಡದೆ, ಹತ್ತಿರದ ಅರಣ್ಯ ಇಲಾಖೆಯವರಿಗೆ ತಿಳಿಸಿ. ಅವರು ಬರುವವರೆಗೆ ನಾಯಿಗಳು ಹತ್ತಿರ ಬಾರದ ಹಾಗೆ ಸ್ವಲ್ಪ ದೂರದಲ್ಲಿ ನಿಂತಿರಿ.